ಗುಂಡಿ ಹಾಕಲು ಬಾರದ ಮಕ್ಕಳು, ಬಸ್ಸು ಹತ್ತಿ ಸೋತ ತಾಯಂದಿರು

ಒಂದನೇ ಕ್ಲಾಸಿನ ಹುಡುಗನ ಅಂಗಿಗೆ ಐದೋ ಆರೋ ಗುಂಡಿ. ಮಿಕ್ಕ ಮಕ್ಕಳು ಅವನ್ನು ಹಾಕಿಕೊಂಡು ಓಡಿಹೋದರೂ ಒಂದು ಮಗು ಮೊದಲ ಗುಂಡಿಯ ಹತ್ತಿರವೇ ನಿಂತಿರುತ್ತದೆ. ಚಪ್ಪಲಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಊಟಕ್ಕೆ ಕೂತರೆ ಸಾರು ಅರ್ಧ ಬಾಯಿಗೆ, ಅರ್ಧ ಅಂಗಿಗೆ. ಸ್ಲೇಟು ಕೊಟ್ಟು ‘ಅ’ ಬರಿ ಅಂದರೆ ಬಳಪವೇ ಮುರಿಯುತ್ತದೆ. ಮನೆಯಲ್ಲಿ ಈ ಮಗುವಿಗೆ ‘ಮೊದ್ದು’ ಎಂದು ಹೆಸರು. ಶಾಲೆಯಲ್ಲಿ ‘ಸೋಮಾರಿ’. ಬೀದಿಯಲ್ಲಿ ಕರೆಯುವ ಹೆಸರು ಇನ್ನೂ ಕೆಟ್ಟದ್ದು.

ಅಜ್ಜಿಯರು ಧೈರ್ಯ ಹೇಳುತ್ತಾರೆ: ‘ಬುಡಮ್ಮ, ದೊಡ್ಡೋನಾದ್ರೆ ತಾನೇ ಸರಿ ಹೋಯ್ತಾನೆ.’ ಕೆಲವರು ಸರಿ ಹೋಗುವುದೂ ಉಂಟು. ಆದರೆ ಸರಿ ಹೋಗದವರ ಗತಿ? ಮೂರನೇ ಕ್ಲಾಸಿಗೆ ಬರುವ ಹೊತ್ತಿಗೆ ಮಗು ಬರೆಯುವುದನ್ನೇ ಬಿಟ್ಟಿರುತ್ತದೆ. ಐದನೇ ಕ್ಲಾಸಿಗೆ ಶಾಲೆ ಅಂದರೆ ಹೊಟ್ಟೆನೋವು. ಆಮೇಲೆ ಹಾಜರಿ ಪುಸ್ತಕದಲ್ಲಿ ಹೆಸರು ಇರುತ್ತದೆ, ಬೆಂಚಿನ ಮೇಲೆ ಮಗು ಇರುವುದಿಲ್ಲ.

ಈ ಮಕ್ಕಳಿಗೆ ಕೈಹಿಡಿದು ಕಲಿಸುವ ವಿದ್ಯೆಯೊಂದಿದೆ. ಆ ವಿದ್ಯೆ ಓದಿದವರಿದ್ದಾರೆ. ಕಾಯ್ದೆ ಇದೆ, ಯೋಜನೆ ಇದೆ, ಯೋಜನೆಗೆ ಇಂಗ್ಲಿಷಿನ ಉದ್ದುದ್ದ ಹೆಸರೂ ಇದೆ. ಇಷ್ಟೆಲ್ಲ ಇದ್ದರೂ ತೂಬಗೆರೆಯ ಮಗುವಿಗೆ, ನಂದಗುಡಿಯ ಮಗುವಿಗೆ, ತ್ಯಾಮಗೊಂಡ್ಲಿನ ಮಗುವಿಗೆ ಅದು ದಕ್ಕುವುದು ಯಾಕಿಷ್ಟು ಕಷ್ಟ? ಉತ್ತರ ಬೇಕಾದವರು ಆಸ್ಪತ್ರೆಗಿಂತ ಮೊದಲು ಬಸ್ ಸ್ಟ್ಯಾಂಡಿಗೆ ಹೋಗಿ ನೋಡಬೇಕು.

ಉದ್ಯೋಗ ಕೊಡಿಸುವ ಆಫೀಸಲ್ಲ

ಈ ವಿದ್ಯೆಗೆ ಆಕ್ಯುಪೇಷನಲ್ ಥೆರಪಿ ಎಂದು ಹೆಸರು. ‘ಔದ್ಯೋಗಿಕ ಚಿಕಿತ್ಸೆ’ ಎಂದು ಕನ್ನಡಿಸಿದ್ದಾರೆ. ಕೇಳಿದವರು ಇದೇನೋ ಉದ್ಯೋಗ ವಿನಿಮಯ ಕೇಂದ್ರದ ಅಣ್ಣನೋ ತಮ್ಮನೋ ಇರಬೇಕು ಅಂದುಕೊಳ್ಳುತ್ತಾರೆ. ಅವರದೇನೂ ತಪ್ಪಿಲ್ಲ. ಇಲ್ಲಿ ಉದ್ಯೋಗ ಅಂದರೆ ಸಂಬಳದ ಕೆಲಸವಲ್ಲ, ಮನುಷ್ಯ ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವ ತನಕ ಮಾಡುವ ಕೆಲಸ. ಹಲ್ಲುಜ್ಜುವುದು, ಸ್ನಾನ, ಬಟ್ಟೆ, ಊಟ, ಕಕ್ಕಸು, ಶಾಲೆ, ಆಟ. ಆರು ವರ್ಷದ ಮಗುವಿಗೆ ಇವೇ ಉದ್ಯೋಗ.

ಇದನ್ನು ಒಂದು ವೃತ್ತಿಯಾಗಿ ಕಟ್ಟಿದವರು 1917ರಲ್ಲಿ ಅಮೆರಿಕದಲ್ಲಿ ಸಂಘ ಮಾಡಿಕೊಂಡರು. ಮೊದಲ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರನ್ನು ಮತ್ತೆ ಬದುಕಿಗೆ ಹಚ್ಚುವ ಕೆಲಸ ಅದಕ್ಕೆ ಬಲ ಕೊಟ್ಟಿತು. ಭಾರತಕ್ಕೆ ಇದನ್ನು ತಂದವರು ಕಮಲಾ ನಿಂಬಕರ್. ಅಮೆರಿಕದಲ್ಲಿ ಹುಟ್ಟಿ ಮರಾಠಿ ಮನೆಗೆ ಸೊಸೆಯಾಗಿ ಬಂದ ಈ ಹೆಣ್ಣುಮಗಳು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಮೊದಲ ಶಾಲೆ ತೆರೆದರು. 1952ರಲ್ಲಿ ಅಖಿಲ ಭಾರತ ಸಂಘ ಹುಟ್ಟಿತು. ಇಂದು ಕರ್ನಾಟಕದಲ್ಲೂ ಮಣಿಪಾಲದಂಥ ಕಡೆ ಇದರ ಪದವಿ ಕಲಿಸುತ್ತಾರೆ.

ಫಿಜಿಯೋಥೆರಪಿಗೂ ಇದಕ್ಕೂ ವ್ಯತ್ಯಾಸವೇನು ಎಂದು ಬಹಳ ಜನ ಕೇಳುತ್ತಾರೆ. ಎರಡೂ ಅಕ್ಕಪಕ್ಕದ ಮನೆಗಳು. ಬಿಗಿದುಕೊಂಡ ಕಾಲನ್ನು ಸಡಿಲಿಸಿ, ಬಲ ಬರಿಸಿ, ನಿಲ್ಲಿಸುವುದು ಫಿಜಿಯೋಥೆರಪಿಯವರ ಮುಖ್ಯ ಕೆಲಸ. ಆ ಕಾಲಿನ ಮೇಲೆ ನಿಂತ ಮಗು ತಾನೇ ಚಡ್ಡಿ ಬಿಚ್ಚಿ, ಕಕ್ಕಸಿಗೆ ಹೋಗಿ, ತೊಳೆದುಕೊಂಡು ಬರುವ ಹಾಗೆ ಮಾಡುವುದು ಆಕ್ಯುಪೇಷನಲ್ ಥೆರಪಿಯವರ ಕೆಲಸ. ತಾಯಿಗೆ ಎರಡೂ ಬೇಕು. ಎರಡನೆಯದು ಸಿಕ್ಕ ದಿನ ಅವಳು ನಾಲ್ಕು ಜನರ ಮದುವೆ ಮುಂಜಿಗೆ ಮಗುವನ್ನು ಕರೆದುಕೊಂಡು ಹೋಗಬಲ್ಲಳು.

ಯಾರ ಮಕ್ಕಳಿವರು?

ಮಿದುಳಿನ ಪೆಟ್ಟಿನಿಂದ ಕೈಕಾಲು ಬಿಗಿಯಾದ ಮಕ್ಕಳು, ಅಂದರೆ ಸೆರೆಬ್ರಲ್ ಪಾಲ್ಸಿಯವರು, ಮೊದಲಿಗೆ ಕಣ್ಣಿಗೆ ಬೀಳುತ್ತಾರೆ. ಆಟಿಸಂ ಇರುವ ಮಕ್ಕಳು, ಡೌನ್ ಸಿಂಡ್ರೋಮ್ ಇರುವವರು, ಬುದ್ಧಿ ಬೆಳವಣಿಗೆ ನಿಧಾನವಾದವರು ಆಮೇಲೆ. ಇವರಿಗೆ ಏನೋ ತೊಂದರೆ ಇದೆ ಎಂದು ಊರಿಗೇ ಗೊತ್ತಾಗುತ್ತದೆ.

ಕಣ್ಣಿಗೆ ಬೀಳದ ಗುಂಪು ಇನ್ನೊಂದು. ನೋಡಲು ಎಲ್ಲರಂತೆ. ಮಾತು ಚುರುಕು, ಬುದ್ಧಿಯೂ ಸರಿ. ಕೈ ಮಾತ್ರ ಹೇಳಿದಂತೆ ಕೇಳುವುದಿಲ್ಲ. ಚೆಂಡು ಹಿಡಿಯಲಾರರು, ಸೈಕಲ್ ಕಲಿಯಲಾರರು, ನೆಟ್ಟಗೆ ಬರೆಯಲಾರರು. ವೈದ್ಯರು ಇದನ್ನು ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್ ಎನ್ನುತ್ತಾರೆ. ಡಿಸ್‌ಪ್ರಾಕ್ಸಿಯಾ ಎಂಬ ಹೆಸರೂ ಬಳಕೆಯಲ್ಲಿದೆ. 5ರಿಂದ 11 ವರ್ಷದ ಮಕ್ಕಳಲ್ಲಿ ನೂರಕ್ಕೆ 5ರಿಂದ 6 ಮಂದಿಗೆ ಇದು ಇರುತ್ತದೆ ಎಂಬುದು ವೈದ್ಯಲೋಕ ಒಪ್ಪಿದ ಅಂದಾಜು. ಅಂದರೆ ನಲವತ್ತು ಮಕ್ಕಳ ಕ್ಲಾಸಿನಲ್ಲಿ ಇಬ್ಬರು. ಪ್ರತಿ ಮೇಷ್ಟ್ರೂ ಈ ಇಬ್ಬರನ್ನು ನೋಡಿರುತ್ತಾರೆ. ಏನೆಂದು ಕರೆಯಬೇಕೆಂದು ತಿಳಿಯದೆ ‘ಸೋಮಾರಿ’ ಎಂದಿರುತ್ತಾರೆ.

ಕನ್ನಡದ ಅಕ್ಷರಗಳೂ ಈ ಮಕ್ಕಳಿಗೆ ಸುಲಭದ ತುತ್ತಲ್ಲ. ಎಲ್ಲವೂ ದುಂಡು. ತಲೆಕಟ್ಟು ಮೇಲೆ, ಗುಡಿಸು ಅದರ ಜಾಗದಲ್ಲಿ, ಕೊಂಬು ಪಕ್ಕಕ್ಕೆ, ಒತ್ತು ಕೆಳಕ್ಕೆ. ಬೆರಳು ಪಳಗದ ಮಗುವಿಗೆ ‘ಸ್ತ್ರೀ’ ಎಂದು ಬರೆಯುವುದು ದೊಡ್ಡವರು ಸೂಜಿಗೆ ಕತ್ತಲಲ್ಲಿ ದಾರ ಪೋಣಿಸಿದಂತೆ. ಇದಕ್ಕೆ ಬೆತ್ತ ಔಷಧಿಯಲ್ಲ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಹೊಡೆತ ನಿಂತ ಕಡೆಯಲ್ಲೂ ಎಲ್ಲರ ಮುಂದೆ ಪುಸ್ತಕ ಎತ್ತಿ ತೋರಿಸಿ ನಗಿಸುವ ಚಾಳಿ ನಿಲ್ಲಬೇಕು. ಪೆಟ್ಟು ನಾಳೆಗೆ ಮರೆತುಹೋಗಬಹುದು, ನಗೆ ಮರೆಯುವುದಿಲ್ಲ.

ತಂದೆತಾಯಿಗೆ ಲೆಕ್ಕ ಹಿಡಿಯಲು ನಾಲ್ಕು ಗುರುತು ಸಾಕು. ಒಂದೂವರೆ ವರ್ಷಕ್ಕೆ ಮಗು ಚಮಚ ಹಿಡಿಯಲು ಹವಣಿಸಬೇಕು. ಮೂರಕ್ಕೆ ಸಡಿಲವಾದ ಚಡ್ಡಿ, ಅಂಗಿ ತಾನೇ ಏರಿಸಿಕೊಳ್ಳಬೇಕು. ನಾಲ್ಕಕ್ಕೆ ಕೆಲವಾದರೂ ಗುಂಡಿ ಬಿಚ್ಚಬೇಕು. ಐದಕ್ಕೆ ಕೆಲವಾದರೂ ಗುಂಡಿ ಹಾಕಬೇಕು. ಒಂದು ಗುರುತು ತಪ್ಪಿತೆಂದು ಗಾಬರಿ ಬೇಡ. ಎರಡು ಮೂರು ಒಟ್ಟಿಗೆ ತಪ್ಪಿದರೆ, ಇಲ್ಲವೇ ಬರುತ್ತಿದ್ದ ಕೆಲಸ ನಿಂತುಹೋದರೆ, ಡಾಕ್ಟರಿಗೆ ತೋರಿಸುವುದು ಲೇಸು.

ಕಾಗದದ ಮೇಲೆ ಕೊರತೆಯಿಲ್ಲ

ಸರ್ಕಾರ ಏನೂ ಮಾಡಿಲ್ಲ ಎಂದರೆ ಅನ್ಯಾಯವಾಗುತ್ತದೆ. 2013ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರು ಮಾಡಿತು. ಹುಟ್ಟಿದಾಗಿನಿಂದ 18 ವರ್ಷದವರೆಗಿನ ಮಕ್ಕಳನ್ನು 30 ಬಗೆಯ ತೊಂದರೆಗಳಿಗಾಗಿ ತಪಾಸಣೆ ಮಾಡಬೇಕು. ಡಾಕ್ಟರ ತಂಡ ಜೀಪಿನಲ್ಲಿ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ವರ್ಷಕ್ಕೊಂದು ಸಲ ಬರಬೇಕು. ಕೈಕಾಲು ಬೆಳವಣಿಗೆ ನಿಧಾನ, ಕಲಿಕೆಯ ತೊಡಕು, ಆಟಿಸಂ ಎಲ್ಲವೂ ಆ ಮೂವತ್ತರ ಪಟ್ಟಿಯಲ್ಲಿವೆ. ಪತ್ತೆಯಾದ ಮಗುವನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಬೇಕೆಂಬುದು ವ್ಯವಸ್ಥೆ.

2016ರಲ್ಲಿ ಅಂಗವಿಕಲರ ಹಕ್ಕುಗಳ ಹೊಸ ಕಾಯ್ದೆ ಬಂತು, 2017ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಮೊದಲಿದ್ದ 1995ರ ಕಾಯ್ದೆಯಲ್ಲಿ ಅಂಗವಿಕಲತೆಯ ಬಗೆ ಏಳು, ಇದರಲ್ಲಿ ಇಪ್ಪತ್ತೊಂದು. ಅದರ 25ನೇ ಕಲಂ ಓದಿದರೆ ಹಳ್ಳಿಯವರಿಗೆ ಹಬ್ಬ: ಆರೋಗ್ಯ ಸೇವೆ ಹತ್ತಿರದಲ್ಲೇ ಸಿಗಬೇಕು, ಅದರಲ್ಲೂ ಗ್ರಾಮೀಣ ಪ್ರದೇಶದಲ್ಲಿ ಸಿಗಬೇಕು, ಆದಾಯದ ಮಿತಿಗೆ ಒಳಪಟ್ಟು ಪುಕ್ಕಟೆಯಾಗಿ ಸಿಗಬೇಕು. 31ನೇ ಕಲಂ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಡುತ್ತದೆ.

ಶಿಕ್ಷಣ ಇಲಾಖೆಯ ಕಡೆಯಿಂದ ಸಮಗ್ರ ಶಿಕ್ಷಣ ಯೋಜನೆ ಇದೆ. ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಬಿಐಇಆರ್‌ಟಿ ಎಂದು ಕರೆಯುವ ವಿಶೇಷ ಶಿಕ್ಷಕರು. ಶಾಲೆಗೆ ಬರಲಾಗದ ಮಗುವಿಗೆ ಮನೆಯಲ್ಲೇ ಪಾಠ ಹೇಳುವ ಏರ್ಪಾಡು. ಪಂಚಾಯ್ತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕಿಗೊಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಗ್ರಾಮ ಪಂಚಾಯ್ತಿ ತನ್ನ ಸ್ವಂತ ಆದಾಯದಲ್ಲಿ ನೂರಕ್ಕೆ ಐದು ರೂಪಾಯಿ ಅಂಗವಿಕಲರಿಗೆ ಮೀಸಲಿಡಬೇಕೆಂಬ ನಿಯಮವೂ ಉಂಟು.

ಇಷ್ಟರ ನಡುವೆಯೂ ಜರಡಿಯಲ್ಲಿ ತೂತಿದೆ. ಹೆಚ್ಚಿನ ಸವಲತ್ತಿಗೆ ನೂರಕ್ಕೆ 40ರಷ್ಟು ಅಂಗವಿಕಲತೆ ಎಂಬ ಸರ್ಟಿಫಿಕೇಟು ಬೇಕು. ಕಲಿಕಾ ನ್ಯೂನತೆಯ ವಿವರಣೆಯೊಳಗೆ ಡಿಸ್‌ಪ್ರಾಕ್ಸಿಯಾ ಎಂಬ ಪದವನ್ನು ಕಾಯ್ದೆ ಸೇರಿಸಿದೆ, ನಿಜ. ಆದರೆ ಗುಂಡಿ ಹಾಕಲು ಬಾರದ, ಅಕ್ಷರ ಕೆಟ್ಟಿರುವ, ಮಿಕ್ಕೆಲ್ಲದರಲ್ಲಿ ಚೆನ್ನಾಗಿರುವ ಮಗು 40ರ ಗೆರೆ ಮುಟ್ಟುವುದು ಅಪರೂಪ. ಕಾರ್ಡಿಲ್ಲದಿದ್ದರೆ ಲೆಕ್ಕದಲ್ಲಿಲ್ಲ. ಲೆಕ್ಕದಲ್ಲಿಲ್ಲದ ಮಗುವಿಗಾಗಿ ಯಾರೂ ಹುದ್ದೆ ಕೇಳುವುದಿಲ್ಲ.

39 ಗಂಟೆಗೆ 260 ಗಂಟೆ ಬಸ್ಸು

1986ರಲ್ಲಿ ಬೆಂಗಳೂರು ಜಿಲ್ಲೆಯನ್ನು ಒಡೆದು ಗ್ರಾಮಾಂತರ ಬೇರೆ ಮಾಡಿದರು. ಅಣ್ಣತಮ್ಮಂದಿರ ಪಾಲಿನಲ್ಲಿ ಹೊಲ ಒಬ್ಬನಿಗೆ, ಬಾವಿ ಇನ್ನೊಬ್ಬನಿಗೆ ಹೋದ ಹಾಗೆ, ದೊಡ್ಡ ಆಸ್ಪತ್ರೆಗಳು ನಗರದ ಪಾಲಾದವು. 1959ರಲ್ಲಿ ಶುರುವಾದ ಅಂಗವಿಕಲರ ಸಂಸ್ಥೆ ಎ.ಪಿ.ಡಿ. ಇರುವುದು ಲಿಂಗರಾಜಪುರದಲ್ಲಿ. 1974ರಲ್ಲಿ ಈಗಿನ ರೂಪಕ್ಕೆ ಬಂದ ನಿಮ್ಹಾನ್ಸ್ ಹೊಸೂರು ರಸ್ತೆಯಲ್ಲಿ. 1980ರ ಸ್ಪಾಸ್ಟಿಕ್ಸ್ ಸೊಸೈಟಿ ಇಂದಿರಾನಗರದಲ್ಲಿ. ಒಳ್ಳೆಯ ಕೆಲಸ ಮಾಡಿ ಹೆಸರು ಪಡೆದ ಜಾಗಗಳು, ಸಂಶಯವಿಲ್ಲ. ಎಲ್ಲದಕ್ಕೂ ಹೋಗುವ ದಾರಿ ಮಾತ್ರ ಯಲಹಂಕ, ಹೆಬ್ಬಾಳ, ಗೊರಗುಂಟೆಪಾಳ್ಯ, ಕೆ.ಆರ್. ಪುರಗಳ ಟ್ರಾಫಿಕ್ಕಿನ ಮೇಲೆ.

ಒಂದು ಲೆಕ್ಕ ಹಾಕಿ ನೋಡಿ. ದೊಡ್ಡಬಳ್ಳಾಪುರದಿಂದ ಬೆಂಗಳೂರು ಸುಮಾರು 40 ಕಿಲೋಮೀಟರು. ವಾರಕ್ಕೊಂದು ಸಲ 45 ನಿಮಿಷದ ಥೆರಪಿಗೆ ಹೋಗಬೇಕು ಅನ್ನಿ. ವರ್ಷಕ್ಕೆ 52 ಸಲ, ಒಟ್ಟು 39 ಗಂಟೆ ಥೆರಪಿ. ಮನೆ ಬಿಟ್ಟು, ಎರಡು ಬಸ್ಸು ಬದಲಿಸಿ, ಹೋಗಿ ಬರಲು ದಿನಕ್ಕೆ ಐದು ಗಂಟೆ ಎಂದು ಹಿಡಿದರೂ ವರ್ಷಕ್ಕೆ 260 ಗಂಟೆ ಬಸ್ಸಿನಲ್ಲಿ. ಚಿಕಿತ್ಸೆಗೆ ಹೋದ ಸಮಯಕ್ಕಿಂತ ಆರೂವರೆ ಪಟ್ಟು ಹೆಚ್ಚು ಸಮಯ ಸೀಟಿನ ಮೇಲೆ, ಸೀಟು ಸಿಗದಿದ್ದರೆ ಕಂಬಿ ಹಿಡಿದುಕೊಂಡು.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತಾಯಿಯ ಟಿಕೆಟ್ಟಿನ ದುಡ್ಡು ಉಳಿಯಿತು. ಹೆಣ್ಣುಮಗುವಾದರೆ ಮಗುವಿನದೂ ಉಳಿಯಿತು. ಅಂಗವಿಕಲರ ಕಾರ್ಡಿರುವವರಿಗೆ ಊರಿನಿಂದ 100 ಕಿಲೋಮೀಟರು ವ್ಯಾಪ್ತಿಯ ರಿಯಾಯಿತಿ ಪಾಸೂ ಇದೆ. ಇವೆಲ್ಲ ದೊಡ್ಡ ಆಸರೆಯೇ. ಆದರೆ ಟಿಕೆಟ್ಟಿಗಿಂತ ದೊಡ್ಡ ಖರ್ಚು ಇನ್ನೊಂದಿದೆ. ಮಗ್ಗದ ಮನೆಯಲ್ಲಿ ನೂಲು ಸುತ್ತುವ ತಾಯಿ ಒಂದು ದಿನ ಇಲ್ಲವೆಂದರೆ ಆ ದಿನದ ಕೂಲಿ ಇಲ್ಲ. ದೇವನಹಳ್ಳಿಯ ದ್ರಾಕ್ಷಿ ತೋಟದಲ್ಲಿ, ಹೊಸಕೋಟೆಯ ಗೋದಾಮಿನಲ್ಲಿ, ದಾಬಸ್‌ಪೇಟೆಯ ಫ್ಯಾಕ್ಟರಿಯಲ್ಲಿ ವಾರಕ್ಕೊಂದು ದಿನ ರಜ ಕೇಳಿದವಳನ್ನು ಎಷ್ಟು ತಿಂಗಳು ಇಟ್ಟುಕೊಳ್ಳುತ್ತಾರೆ? ವರ್ಷಕ್ಕೆ 52 ಕೂಲಿ ಬಿಟ್ಟುಕೊಡುವ ಶಕ್ತಿ ಯಾವ ಬಡ ಮನೆಗಿದೆ?

ಹೀಗಾಗಿ ನಡೆಯುವುದು ಇಷ್ಟು. ಮೊದಲ ತಿಂಗಳು ನಾಲ್ಕು ಸಲ ಹೋಗುತ್ತಾರೆ. ಎರಡನೇ ತಿಂಗಳು ಎರಡು ಸಲ. ಆಮೇಲೆ ರಾಗಿ ಕೊಯ್ಲೋ, ಮನೆಯಲ್ಲಿ ಜ್ವರವೋ, ನೆಂಟರ ಮದುವೆಯೋ ಬರುತ್ತದೆ. ಅಲ್ಲಿಗೆ ನಿಂತುಹೋಗುತ್ತದೆ. ಫೈಲಿನಲ್ಲಿ ‘ಪೋಷಕರು ಮುಂದುವರಿಸಲಿಲ್ಲ’ ಎಂದು ಒಂದು ಸಾಲು. ಆ ಸಾಲು ಓದಿದವರಿಗೆ ತಾಯಿಗೇ ಕಾಳಜಿ ಇರಲಿಲ್ಲ ಎನಿಸುತ್ತದೆ. ಅವಳು ಕಟ್ಟಿದ ಲೆಕ್ಕ ಆ ಫೈಲಿನಲ್ಲಿ ಎಲ್ಲೂ ಇಲ್ಲ.

ಸಾಮಾನು ಅಡಿಗೆಮನೆಯಲ್ಲೇ ಇದೆ

ಈ ಕಥೆಯಲ್ಲಿ ಒಂದು ವಿಚಿತ್ರವಿದೆ. ಇಷ್ಟು ದೂರ ಹೋಗಿ ತರಬೇಕಾದ ವಿದ್ಯೆಗೆ ಬೇಕಾದ ಸಾಮಾನೆಲ್ಲ ಮನೆಯಲ್ಲೇ ಬಿದ್ದಿದೆ. ಗುಂಡಿ ಹಾಕಲು ಬಾರದ ಮಗುವಿಗೆ ಗುಂಡಿ ಹಾಕುವುದನ್ನೇ, ಚಿಕ್ಕ ಚಿಕ್ಕ ಹೆಜ್ಜೆಯಾಗಿ ಒಡೆದು, ದಿನಾ ಅಭ್ಯಾಸ ಮಾಡಿಸಬೇಕು ಎಂಬುದು ಇಂದಿನ ಪರಿಣತರ ಒಲವು. ಮಾಡಬೇಕಾದ ಕೆಲಸವನ್ನೇ ಮಾಡಿ ಕಲಿತ ಮಕ್ಕಳು ಬೇಗ ಮುಂದೆ ಬರುತ್ತಾರೆ ಎಂದು ಅಧ್ಯಯನಗಳು ಹೇಳುತ್ತಿವೆ.

ಅದಕ್ಕೊಂದು ಜಾಣ ಉಪಾಯವಿದೆ: ಕೊನೆಯ ಹೆಜ್ಜೆಯಿಂದ ಶುರು ಮಾಡುವುದು. ಗುಂಡಿಯನ್ನು ಕಾಜದೊಳಗೆ ಅಮ್ಮನೇ ಅರ್ಧ ತೂರಿಸಿ, ಆಚೆಯಿಂದ ಎಳೆಯುವುದನ್ನಷ್ಟೇ ಮಗುವಿಗೆ ಬಿಡಬೇಕು. ಎಳೆದ ಕೂಡಲೇ ಗುಂಡಿ ಬಿತ್ತು! ಮಗುವಿಗೆ ಗೆದ್ದ ಖುಷಿ. ಅದು ಕೈಗೆ ಬಂದ ಮೇಲೆ ಕೊನೆಯ ಎರಡು ಹೆಜ್ಜೆ, ಆಮೇಲೆ ಮೂರು. ಚಡ್ಡಿಯನ್ನು ತೊಡೆಯ ತನಕ ಅಮ್ಮ ಏರಿಸಿದರೆ ಸೊಂಟಕ್ಕೆ ಏರಿಸುವುದು ಮಗು. ಮೊದಲಿನಿಂದ ಶುರು ಮಾಡಿದರೆ ಮಗು ಪ್ರತಿ ಸಲವೂ ಸೋತು ಕೈಬಿಡುತ್ತದೆ, ಕೊನೆಯಿಂದ ಶುರು ಮಾಡಿದರೆ ಪ್ರತಿ ಸಲವೂ ಗೆದ್ದು ಏಳುತ್ತದೆ.

ಚಮಚ ಜಾರಿದರೆ ಹಿಡಿಗೆ ಬಟ್ಟೆಯನ್ನೋ ಹಳೇ ಸೈಕಲ್ ಟ್ಯೂಬಿನ ಪಟ್ಟಿಯನ್ನೋ ಸುತ್ತಿ ದಪ್ಪ ಮಾಡಬಹುದು. ಬೆಂಚಿನ ಮೇಲೆ ಕೂತ ಮಗುವಿನ ಕಾಲು ನೇತಾಡುತ್ತಿದ್ದರೆ ಕೈಯೂ ಅಲುಗಾಡುತ್ತದೆ. ಕಾಲ ಕೆಳಗೆ ಎರಡು ಇಟ್ಟಿಗೆ ಇಟ್ಟರೆ ಅರ್ಧ ಕೆಲಸವಾಯಿತು. ಬರೆಯುವ ಹಲಗೆಯ ಕೆಳಗೆ ಒಂದು ದಪ್ಪ ಪುಸ್ತಕವಿಟ್ಟು ಇಳಿಜಾರು ಮಾಡಿದರೆ ಮಣಿಕಟ್ಟಿಗೆ ಆರಾಮ. ಉದ್ದ ಪೆನ್ಸಿಲಿಗಿಂತ ಮುರಿದ ಬಳಪದ ತುಂಡು ಕೆಲವು ಮಕ್ಕಳಿಗೆ ಲಾಯಕ್ಕು. ತುಂಡನ್ನು ಇಡೀ ಮುಷ್ಟಿಯಲ್ಲಿ ಹಿಡಿಯಲಾಗದೆ ಬೆರಳ ತುದಿಗಳೇ ಮುಂದೆ ಬರುತ್ತವೆ.

ಬೆರಳು ಪಳಗಲು ಈ ಸೀಮೆಯಲ್ಲಿ ಅವರೆಕಾಯಿಗಿಂತ ಬೇರೆ ಯಂತ್ರ ಬೇಕೇ? ಸಂಕ್ರಾಂತಿಯ ಆಸುಪಾಸಿನಲ್ಲಿ ನೆನೆಸಿದ ಅವರೆಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿದುಕಿದರೆ ಬೇಳೆ ಪುಟಕ್ಕನೆ ಹಾರುತ್ತದೆ. ಮಗುವಿಗೆ ಆಟ, ಅಮ್ಮನಿಗೆ ಸಾರಿಗೆ ಬೇಳೆ, ಬೆರಳಿಗೆ ವ್ಯಾಯಾಮ. ಮುದ್ದೆ ಮುರಿದು ಸಾರಿನಲ್ಲಿ ಅದ್ದುವುದು, ಒದ್ದೆ ಟವಲು ಹಿಂಡುವುದು, ಹೂ ಕಟ್ಟುವುದು, ಚೌಕಾಬಾರದ ಕವಡೆ ಹಾಕುವುದು, ಅಳಗುಳಿ ಮಣೆ, ಕುಂಟೆಬಿಲ್ಲೆ, ಬುಗುರಿ ಎಲ್ಲವೂ ಇದೇ ಸಾಲಿಗೆ ಸೇರಿದವು. ಎರಡು ಎಚ್ಚರಿಕೆ ಮಾತ್ರ ಇರಲಿ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಕಾಳು, ಕವಡೆ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ವ್ಯಾಯಾಮದ ನೆಪದಲ್ಲಿ ಮಗುವಿನಿಂದ ದುಡಿಮೆ ಮಾಡಿಸಲೂಬಾರದು. ಹತ್ತು ಹದಿನೈದು ನಿಮಿಷ ನಗುನಗುತ್ತಾ ಆದರೆ ಸಾಕು. ದಿನಕ್ಕೆ 15 ನಿಮಿಷ ಅಂದರೂ ವರ್ಷಕ್ಕೆ 91 ಗಂಟೆ. ಬೆಂಗಳೂರಿನ 39 ಗಂಟೆಯ ಎರಡು ಪಟ್ಟಿಗಿಂತ ಹೆಚ್ಚು, ಅದೂ ಒಂದು ಕೂಲಿಯೂ ಹೋಗದಂತೆ.

ಯಾರು ಓಡಾಡಬೇಕು?

ಹಾಗಾದರೆ ಥೆರಪಿಸ್ಟೇ ಬೇಡವೇ? ಖಂಡಿತ ಬೇಕು. ಯಾವ ಮಗುವಿಗೆ ಯಾವ ಹೆಜ್ಜೆ, ಯಾವ ಕೈಗೆ ಎಷ್ಟು ಭಾರ, ಬಿಗಿದ ತೋಳನ್ನು ಹೇಗೆ ಹಿಡಿಯಬೇಕು, ನುಂಗಲು ಕಷ್ಟಪಡುವ ಮಗುವನ್ನು ಹೇಗೆ ಕೂರಿಸಿ ಉಣಿಸಬೇಕು ಎಂಬುದನ್ನು ಓದಿದವರೇ ನೋಡಿ ಹೇಳಬೇಕು. ತಿಳಿಯದೆ ಎಳೆದಾಡಿದರೆ ಕೀಲು ನೋಯುತ್ತದೆ, ತುತ್ತು ಶ್ವಾಸಕೋಶಕ್ಕೆ ಹೋಗುತ್ತದೆ. ಅವರು ತಿಂಗಳಿಗೆ ಒಂದೆರಡು ಸಲ ನೋಡಿ, ಮನೆಯವರಿಗೆ ಕಲಿಸಿ, ಹಿಂದಿನ ತಿಂಗಳ ಪಾಠ ಎಷ್ಟು ಆಯಿತೆಂದು ಒರೆಗೆ ಹಚ್ಚಬೇಕು. ಮಿಕ್ಕ ದಿನಗಳ ಕೆಲಸ ಮನೆಯವರದು, ಅಂಗನವಾಡಿಯವರದು, ಮೇಷ್ಟ್ರದು.

ಈಗಿನ ವ್ಯವಸ್ಥೆಯಲ್ಲಿ ಓದಿದವರು ಕೂತಲ್ಲೇ ಕೂತಿರುತ್ತಾರೆ, ನೂರು ತಾಯಂದಿರು ಮಕ್ಕಳನ್ನು ಸೊಂಟಕ್ಕೆತ್ತಿಕೊಂಡು ಓಡಾಡುತ್ತಾರೆ. ಇದನ್ನು ತಿರುಗುಮುರುಗು ಮಾಡಬೇಕು. ಒಬ್ಬ ಥೆರಪಿಸ್ಟ್ ಸೋಮವಾರ ದೊಡ್ಡಬಳ್ಳಾಪುರ, ಮಂಗಳವಾರ ದೇವನಹಳ್ಳಿ, ಬುಧವಾರ ಹೊಸಕೋಟೆ, ಗುರುವಾರ ನೆಲಮಂಗಲದಲ್ಲಿ ಕೂತರೆ ನಾಲ್ಕು ತಾಲೂಕಿಗೂ ವಾರಕ್ಕೊಂದು ದಿನ ಸಿಕ್ಕಿತು. ಶುಕ್ರವಾರ ಅಂಗನವಾಡಿ ಕಾರ್ಯಕರ್ತೆಯರಿಗೆ, ಪುನರ್ವಸತಿ ಕಾರ್ಯಕರ್ತರಿಗೆ, ಬಿಐಇಆರ್‌ಟಿಗಳಿಗೆ ಪಾಠ. ಕಟ್ಟಡ ಬೇಡ, ಶಂಕುಸ್ಥಾಪನೆಯ ಕಲ್ಲು ಬೇಡ. ಕ್ಷೇತ್ರ ಸಂಪನ್ಮೂಲ ಕೇಂದ್ರದ ಒಂದು ಕೋಣೆ, ಒಂದು ಜಮಖಾನೆ, ಒಂದು ಬೀರು ಸಾಕು. 2011ರ ಜನಗಣತಿಯಲ್ಲಿ 9 ಲಕ್ಷ 90 ಸಾವಿರ ಜನರಿದ್ದ ಜಿಲ್ಲೆಗೆ ಇದು ದುಬಾರಿಯ ಬೇಡಿಕೆಯೇನಲ್ಲ.

ಒಬ್ಬರಿಂದ ಎಲ್ಲ ಮಕ್ಕಳಿಗೂ ಸಾಲುವುದಿಲ್ಲ ಎಂದು ಅಧಿಕಾರಿಗಳು ಹೇಳಬಹುದು. ನಿಜವೇ. ಒಬ್ಬರು ಸಾಲದೆಂದು ಗೊತ್ತಾಗಬೇಕಾದರೂ ಮೊದಲು ಒಬ್ಬರು ಬಂದು ಕೂರಬೇಕು. ಬಾಗಿಲ ಮುಂದೆ ಸಾಲು ನಿಂತಾಗಲೇ ಎರಡನೇ ಹುದ್ದೆಗೆ ಕಾಗದ ಓಡುತ್ತದೆ.

ಪಂಚಾಯ್ತಿಯ ಆ ನೂರಕ್ಕೆ ಐದು ರೂಪಾಯಿಯ ಮಾತೂ ಇಲ್ಲಿ ಬರಬೇಕು. ತ್ರಿಚಕ್ರ ವಾಹನ ಹಂಚಿ ಫೋಟೋ ತೆಗೆಸಿಕೊಳ್ಳುವುದು ಸುಲಭ. ಶಾಲೆಯ ಕಕ್ಕಸಿನ ಗೋಡೆಗೆ ಹಿಡಿದು ಕೂರಲು ಒಂದು ಕಬ್ಬಿಣದ ಪೈಪು ಹೊಡೆಸಿದರೆ ಫೋಟೋ ಚೆನ್ನಾಗಿ ಬರುವುದಿಲ್ಲ. ಆದರೆ ಆ ಪೈಪಿನಿಂದ ಒಂದು ಹೆಣ್ಣುಮಗು ಶಾಲೆ ಬಿಡದೆ ಉಳಿಯುತ್ತದೆ.

ಬೋರ್ಡು ನೋಡಿ ಮೋಸ ಹೋಗಬೇಡಿ

ಸರ್ಕಾರ ಬರದ ಕಡೆ ಬೋರ್ಡು ಬರುತ್ತದೆ. ಬಣ್ಣದ ಉಯ್ಯಾಲೆ, ಚೆಂಡು, ಮಿಣುಕು ದೀಪ ಇಟ್ಟುಕೊಂಡು ‘ಆಟಿಸಂ ಗುಣಪಡಿಸಲಾಗುವುದು’ ಎಂದು ಬರೆದರೆ ಕಷ್ಟದಲ್ಲಿರುವ ತಂದೆತಾಯಿ ನಂಬುತ್ತಾರೆ. ಆಟಿಸಂ ಆಗಲಿ ಸೆರೆಬ್ರಲ್ ಪಾಲ್ಸಿ ಆಗಲಿ ಥೆರಪಿಯಿಂದ ಮಾಯವಾಗುವುದಿಲ್ಲ. ಮಗುವಿನ ಕೆಲಸ ಸುಧಾರಿಸುತ್ತದೆ, ಬದುಕು ಹಗುರವಾಗುತ್ತದೆ. ಅದೇ ಚಿಕಿತ್ಸೆಯ ಫಲ. ಉಯ್ಯಾಲೆ, ಬ್ರಷ್ಷುಗಳನ್ನು ಬಳಸುವ ಇಂದ್ರಿಯ ಸಂಬಂಧಿ ಚಿಕಿತ್ಸೆಯ ಬಗ್ಗೆ ಪುರಾವೆ ಸೀಮಿತ, ಪೋಷಕರಿಗೆ ಅದನ್ನು ತಿಳಿಸಬೇಕು ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘವೇ 2012ರಲ್ಲಿ ಹೇಳಿತು.

ಆದ್ದರಿಂದ ದುಡ್ಡು ಕಟ್ಟುವ ಮುಂಚೆ ಮೂರು ಪ್ರಶ್ನೆ ಕೇಳಬೇಕು. ಓದಿದ್ದು ಏನು, ಪದವಿ ಎಲ್ಲಿಯದು? ಮೂರು ತಿಂಗಳಲ್ಲಿ ಮಗು ಯಾವ ಕೆಲಸ ಕಲಿಯಬೇಕೆಂದು ಗುರಿ ಇಟ್ಟಿದ್ದೀರಿ? ಮನೆಯಲ್ಲಿ ಮಾಡಲು ಏನು ಹೇಳಿಕೊಡುತ್ತೀರಿ? ಮೂರನೇ ಪ್ರಶ್ನೆಗೆ ‘ಮನೇಲಿ ಏನೂ ಬೇಡ, ಇಲ್ಲಿಗೇ ಬನ್ನಿ’ ಎಂದರೆ ಮುಂದಿನ ಬಸ್ಸು ಹಿಡಿದು ವಾಪಸ್ ಬರುವುದು ಒಳ್ಳೆಯದು. ಈ ವೃತ್ತಿಯವರಿಗೂ ನೋಂದಣಿ, ಮಟ್ಟ ಇರಬೇಕೆಂದು ಕೇಂದ್ರ ಸರ್ಕಾರ 2021ರಲ್ಲೇ ಕಾಯ್ದೆ ಮಾಡಿದೆ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವಿಕಲತೆ ಇರುವವರಿಗೆ 1999ರ ಕಾಯ್ದೆಯಡಿ ಹುಟ್ಟಿದ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ವಿಮೆ ಇದೆ. ವರ್ಷಕ್ಕೆ 1 ಲಕ್ಷ ರೂಪಾಯಿ ತನಕ ರಕ್ಷಣೆ, ಅದರೊಳಗೆ ಥೆರಪಿಯ ಖರ್ಚಿಗೂ ಒಂದು ಪಾಲು. ಇದನ್ನು ಕೇಳಿಯೇ ಇರದ ಮನೆಗಳಿಗೆ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರು ಅರ್ಜಿ ತುಂಬಿಸಿಕೊಡಬೇಕು.

ಅಂಗಡಿಯವರೂ ಕಲಿಸಬಹುದು

ಊರಿನವರ ಪಾಲೂ ಇದರಲ್ಲಿದೆ. ಅಮ್ಮ ಕೊಟ್ಟ ಐವತ್ತು ರೂಪಾಯಿ ಹಿಡಿದು ಅರ್ಧ ಕೆ.ಜಿ. ಸಕ್ಕರೆಗೆ ಬಂದ ಮಗು ನೋಟನ್ನು ಬಿಡಿಸಲು ತಡವರಿಸಿದರೆ ಅಂಗಡಿಯವರು ಕಿತ್ತುಕೊಳ್ಳಬೇಕಿಲ್ಲ. ಅರ್ಧ ನಿಮಿಷ ಕಾದರೆ ಅದೇ ಪಾಠ. ಚಿಲ್ಲರೆಯನ್ನು ಒಂದೊಂದಾಗಿ ಮಗುವಿನ ಅಂಗೈಗೆ ಎಣಿಸಿ ಹಾಕಿದರೆ ಇನ್ನೊಂದು ಪಾಠ. ಹಿಂದೆ ನಿಂತ ಗಿರಾಕಿ ‘ಬೇಗ ಕೊಡಿ ಸ್ವಾಮಿ’ ಎಂದರೆ ‘ಮಗು ಲೆಕ್ಕ ಮಾಡ್ತಿದೆ, ತಡೀರಿ’ ಅನ್ನಬಹುದು. ಬಸ್ಸಿನಲ್ಲಿ ಚಪ್ಪಾಳೆ ತಟ್ಟುತ್ತಲೋ ಕಿರುಚುತ್ತಲೋ ಕೂತ ಮಗುವನ್ನು ಕಂಡು ‘ಬೆಳೆಸೋಕೆ ಬರಲ್ವಾ’ ಎಂದು ತಾಯಿಗೆ ಬುದ್ಧಿ ಹೇಳುವ ಬದಲು ಸೀಟು ಬಿಟ್ಟುಕೊಟ್ಟರೆ ಅವಳ ಮುಂದಿನ ವಾರದ ಪ್ರಯಾಣ ಉಳಿದುಕೊಳ್ಳಬಹುದು.

ಉಳಿದದ್ದು ಕೇಳುವ ಕೆಲಸ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕಾದ ಮಾತು ನಾಲ್ಕೇ. ಮಕ್ಕಳ ತಪಾಸಣೆಯ ತಂಡ ಈ ಅಂಗನವಾಡಿಗೆ ಕಳೆದ ವರ್ಷ ಎಷ್ಟು ಸಲ ಬಂತು? ಪತ್ತೆಯಾದ ಮಕ್ಕಳನ್ನು ಎಲ್ಲಿಗೆ ಕಳಿಸಿದರು, ಅವರಲ್ಲಿ ಎಷ್ಟು ಜನ ಹೋದರು? ನೂರಕ್ಕೆ ಐದರ ದುಡ್ಡು ಯಾವುದಕ್ಕೆ ಖರ್ಚಾಯಿತು? ತಾಲೂಕಿಗೆ ವಾರಕ್ಕೊಂದು ದಿನ ಥೆರಪಿಸ್ಟ್ ಬೇಕೆಂದು ಈ ಪಂಚಾಯ್ತಿ ಬೀರಸಂದ್ರದ ಜಿಲ್ಲಾಡಳಿತ ಭವನಕ್ಕೆ ನಿರ್ಣಯ ಬರೆದು ಕಳಿಸುತ್ತದೆಯೇ?

ರಸ್ತೆ ಕೇಳಲು, ನೀರು ಕೇಳಲು, ಬೀದಿ ದೀಪ ಕೇಳಲು ಜನ ಕಲಿತಿದ್ದಾರೆ. ಮಗುವಿನ ಕೈ ಕೆಲಸ ಕಲಿಯಲು ಒಬ್ಬ ಮೇಷ್ಟ್ರನ್ನು ಕೇಳುವುದನ್ನೂ ಕಲಿಯಬೇಕು. ಕೇಳುವವರು ಇಬ್ಬರು ತಾಯಂದಿರಷ್ಟೇ ಆದರೆ ಅರ್ಜಿ ಮೇಜಿನ ಕೆಳಗೆ ಹೋಗುತ್ತದೆ. ಊರೇ ಕೇಳಿದರೆ ಅದಕ್ಕೆ ನಂಬರು ಬೀಳುತ್ತದೆ.